ಜೋಳದ ಚೀಲದ ಹಿಂದೆ ಕೂತ ಭೀಮಿ

(ಕಲಬುರಗಿಯ ನಮ್ಮ ಬಡಾವಣೆಯ ಸಮುದಾಯ ಭವನದಲ್ಲಿ ಒಂದು ಭಾನುವಾರ ಸಂಜೆ ಆಡಿದ ಮಾತು ಇದು. ನಡುವೆ ಕರೆಂಟ್ ಹೋಗಿ, ಹತ್ತು ನಿಮಿಷ ಮೈಕ್ ಇಲ್ಲದೆ ಮಾತಾಡಿದ್ದೆ. ಹಿಂದೆ ಕೂತವರು ಏನೂ ಕೇಳಿಸಲಿಲ್ಲ ಅಂತ ದೂರು ಹೇಳಿದರು. ಅವರಿಗಾಗಿ ಬರೆದುಕೊಟ್ಟಿದ್ದೇನೆ.)

ಎಲ್ಲರಿಗೂ ನಮಸ್ಕಾರ.

ಹೊರಗೆ ಬ್ಯಾನರ್ ಮೇಲೆ ನನ್ನ ಹೆಸರಿನ ಮುಂದೆ "ಶ್ವಾನ ತಜ್ಞರು" ಅಂತ ಹಾಕಿಸಿದ್ದಾರೆ. ದಯವಿಟ್ಟು ನಂಬಬೇಡಿ. ನಾನು ಮೂವತ್ತು ವರ್ಷ ದನದ ಡಾಕ್ಟರ್ ಆಗಿದ್ದವನು. ದೇವಣಿ ಎತ್ತು, ಎಮ್ಮೆ, ಆಡು, ಕುರಿ ಇವುಗಳ ಹಿಂದೆ ಅಫಜಲಪುರ, ಆಳಂದ, ಚಿಂಚೋಳಿ ಅಂತ ಸುತ್ತಿದವನು. ನಾಯಿಗೆ ಸೂಜಿ ಚುಚ್ಚುವುದು ಗೊತ್ತಿತ್ತು. ಹೆದರಿದ ನಾಯಿಯ ಜೊತೆ ಒಂದೇ ಸೂರಿನ ಕೆಳಗೆ ಬದುಕುವುದು ಗೊತ್ತಿರಲಿಲ್ಲ. ಅದನ್ನು ಕಲಿಸಿದ್ದು ಒಂದು ನಾಯಿ ಮತ್ತು ಎಂಬತ್ತು ದಾಟಿದ ನಮ್ಮವ್ವ. ಅವ್ವನನ್ನೂ ಇವತ್ತು ಕರೆದೆ. "ನಾಯಿ ಸುದ್ದಿ ಕೇಳ್ಲಾಕ ಚಪ್ಪಲಿ ಹಾಕ್ಕೊಂಡು ಹೋಗಬೇಕೇನು?" ಅಂತ ಮನೆಯಲ್ಲೇ ಉಳಿದಳು.

ಈಗ ಈ ಮಾತು ಯಾಕೆ ಬಂತು ಅಂದರೆ, ಕಳೆದ ಒಂದು ವರ್ಷದಲ್ಲಿ ನಮ್ಮ ಬಡಾವಣೆಯಲ್ಲೇ ನಾಲ್ಕು ಮನೆಯವರು ಬೆಳೆದ ನಾಯಿಗಳನ್ನು ತಂದಿದ್ದಾರೆ. ಒಬ್ಬರ ಮನೆಗೆ ವರ್ಗವಾಗಿ ಹೋದವರು ಬಿಟ್ಟ ಲ್ಯಾಬ್ರಡಾರ್ ಬಂತು. ಉಳಿದವು ನಮ್ಮ ಬೀದಿಯವೇ. ಒಳ್ಳೆಯ ಕೆಲಸ. ಆದರೆ ನಾಲ್ಕರಲ್ಲಿ ಎರಡು ನಾಯಿ ಹದಿನೈದು ದಿನದೊಳಗೆ ಮನೆಯಿಂದ ಹೊರಗೆ ಬಿದ್ದವು. ಯಾಕ್ರೀ ಅಂದರೆ, "ಹೊಂದಿಕೊಳ್ಳಲಿಲ್ಲ ಸರ್" ಅಂದರು. ಹದಿನೈದು ದಿನ! ಸಿಮೆಂಟ್ ಕ್ಯೂರಿಂಗ್‌ಗೇ ಅಷ್ಟು ದಿನ ನೀರು ಹೊಡೆಯುತ್ತೇವೆ.

ನಾನು ಅವರನ್ನು ಬಯ್ಯುವ ಹಾಗಿಲ್ಲ. ನಾನು ಮಾಡಿದ ತಪ್ಪು ಅವರಿಗಿಂತ ಜಾಸ್ತಿ.

2020ರ ಅಕ್ಟೋಬರ್ ನೆನಪಿದೆಯಲ್ವಾ? ಒಂದು ಕಡೆ ಕೊರೊನಾ, ಇನ್ನೊಂದು ಕಡೆ ಭೀಮೆಗೆ ಮಹಾಪೂರ. ಮೇಲೆ ಮಹಾರಾಷ್ಟ್ರದಲ್ಲಿ ಮಳೆ, ಉಜನಿ ಜಲಾಶಯದಿಂದ ನೀರು. ಅಫಜಲಪುರ, ಜೇವರ್ಗಿ ಕಡೆ ನದಿ ದಂಡೆಯ ಹಳ್ಳಿಗಳಿಗೆ ನೀರು ನುಗ್ಗಿತು. ನೀರು ಇಳಿದ ಮೇಲೆ ದನಗಳಿಗೆ ಲಸಿಕೆ ಹಾಕಲು ನಾವು ಹೋಗಿದ್ದೆವು. ಗಾಣಗಾಪುರದ ಆಚೆ ಒಂದು ಹಳ್ಳಿ. ಗೋಡೆ ಬಿದ್ದ ಒಂದು ಮನೆಯ ಕಟ್ಟೆಯ ಮೇಲೆ ಒಂದು ಕಂದು ಬಣ್ಣದ ಹೆಣ್ಣು ನಾಯಿ ಕೂತಿತ್ತು. ಮನೆಯವರು ದುಡಿಯಲು ಪುಣೆಗೆ ಹೋಗಿಬಿಟ್ಟಿದ್ದರು. ನಾಯಿ ಮಾತ್ರ ಆ ಕಟ್ಟೆ ಬಿಟ್ಟಿರಲಿಲ್ಲ. ಗಾಣಗಾಪುರ ದತ್ತಾತ್ರೇಯನ ಕ್ಷೇತ್ರ, ದತ್ತನ ಕಾಲ ಬಳಿ ನಾಲ್ಕು ನಾಯಿ ಇರುವ ಪಟ ನೀವೆಲ್ಲ ನೋಡಿದ್ದೀರಿ. ಹಾಗಾಗಿ ಆ ಸೀಮೆಯಲ್ಲಿ ನಾಯಿಗೆ ಕಲ್ಲು ಹೊಡೆಯುವವರು ಕಡಿಮೆ, ಅಷ್ಟಿಷ್ಟು ರೊಟ್ಟಿ ಬೀಳುತ್ತಿತ್ತು. ಹಲ್ಲು ನೋಡಿದೆ. ನಾಲ್ಕು ವರ್ಷದ ಆಸುಪಾಸು. ಜೀಪಿನಲ್ಲಿ ಹಾಕಿಕೊಂಡು ಬಂದೆ. ಭೀಮೆಯಿಂದ ಬಂದವಳು, ಭೀಮಿ ಅಂತ ಹೆಸರಿಟ್ಟೆವು.

ಮೊದಲ ದಿನ ಏನೇನು ಮಾಡಿದೆ ಹೇಳುತ್ತೇನೆ, ಎಣಿಸಿಕೊಳ್ಳಿ. ಗೇಟಿನೊಳಗೆ ಬಂದ ಕೂಡಲೇ ಪೈಪ್ ಹಿಡಿದು ಸ್ನಾನ ಮಾಡಿಸಿದೆ. ಮಹಾಪೂರದಲ್ಲಿ ಮನೆ ಕಳೆದುಕೊಂಡ ನಾಯಿಗೆ ಪೈಪಿನ ನೀರು. ಪಶುವೈದ್ಯನ ತಲೆ ನೋಡಿ. ಆಮೇಲೆ ಅಕ್ಕಪಕ್ಕದ ಹನ್ನೆರಡು ಜನ ನೋಡಲು ಬಂದರು. ಮಕ್ಕಳು ತಬ್ಬಿಕೊಂಡರು. ಎಲ್ಲರೂ ಭೀಮಿ, ಭೀಮಿ ಅಂತ ಕೂಗಿದರು. ಅವಳಿಗೆ ಅದು ಹೆಸರು ಅಂತ ಹೇಗೆ ಗೊತ್ತಾಗಬೇಕು? ಸುಮ್ನೆ ಒಂದು ಗದ್ದಲ. ನನ್ನ ಹೆಂಡತಿ ಮಟನ್ ಬೇಯಿಸಿ ತಂದಳು. ಭೀಮಿ ಮೂಸಿ ಕೂಡ ನೋಡಲಿಲ್ಲ. ಹೊಸ ಟೈಲ್ಸ್ ಮೇಲೆ ನಾಲ್ಕು ಕಾಲೂ ನಾಲ್ಕು ದಿಕ್ಕಿಗೆ ಜಾರಿದವು. ಜಾರುತ್ತಲೇ ಹಿಂದಿನ ಕೋಣೆಗೆ ಓಡಿ, ಜೋಳದ ಚೀಲಗಳ ಹಿಂದೆ ಒಂದು ಮೂಲೆಯಲ್ಲಿ ತೂರಿಕೊಂಡಳು. ಅಲ್ಲಿಂದ ಎರಡು ದಿನ ಹೊರಗೆ ಬರಲಿಲ್ಲ.

ಮೂರನೇ ದಿನ ನಾನು ಚೀಲ ಸರಿಸಿ, ಕೈ ಹಾಕಿ ಎಳೆದೆ. ಮೊದಲು ಗುರ್ ಅಂದಳು. ನಾನು ಕೇಳಿಸಿಕೊಳ್ಳಲಿಲ್ಲ. ಕಚ್ಚಿದಳು.

ಇಲ್ಲಿ ಒಂದು ಮಾತು ಬೇಗ ಹೇಳಿಬಿಡುತ್ತೇನೆ. ಯಾವ ನಾಯಿ ಕಚ್ಚಿದರೂ, ಮನೆಯದೇ ಇರಲಿ, ಮೊದಲು ನಳದ ಕೆಳಗೆ ಕೈ ಹಿಡಿದು ಸೋಪು ಹಚ್ಚಿ 15 ನಿಮಿಷ ತೊಳೆಯಿರಿ. ಗಡಿಯಾರ ನೋಡಿ ತೊಳೆಯಿರಿ, ಯಾಕಂದರೆ ಎರಡು ನಿಮಿಷವೇ ಹದಿನೈದು ಅನ್ನಿಸುತ್ತದೆ. ಅರಿಶಿನ, ಸುಣ್ಣ, ಖಾರದಪುಡಿ ಏನೂ ಹಚ್ಚಬೇಡಿ. ಅದೇ ದಿನ ಆಸ್ಪತ್ರೆಗೆ ಹೋಗಿ. ನನಗೆ ಕೆಲಸದ ಕಾರಣಕ್ಕೆ ರೇಬಿಸ್ ಲಸಿಕೆ ಮೊದಲೇ ಆಗಿತ್ತು, ಹಾಗಾಗಿ ಎರಡು ಡೋಸ್‌ಗೆ ಮುಗಿಯಿತು. ನಿಮಗೆ ಹಾಗಲ್ಲ. ಡಾಕ್ಟರ್ ಹೇಳಿದಷ್ಟೂ ಡೋಸ್ ಮುಗಿಸಲೇಬೇಕು. ರೇಬಿಸ್ ಲಕ್ಷಣ ಕಾಣಿಸಿಕೊಂಡ ಮೇಲೆ ಮದ್ದಿಲ್ಲ.

ಕೈಗೆ ಬ್ಯಾಂಡೇಜ್ ಸುತ್ತಿಕೊಂಡು ಬಂದು ಪಡಸಾಲೆಯಲ್ಲಿ ಕೂತಿದ್ದೆ. ಅವ್ವ ಬಂದು ನಿಂತಳು. ಅವಳು ಹೇಳಿದ್ದನ್ನು ಹಾಗೇ ಹೇಳುತ್ತೇನೆ. "ಹೊಸ ಸೊಸಿ ಮನಿಗೆ ಬಂದಾಳ ಅಂತ ಊರ ಮಂದಿ ಎಲ್ಲಾ ಆಕಿ ಮಾರಿನೇ ನೋಡ್ಕೋತ ಕೂತ್ರ ಆಕಿ ಹ್ಯಾಂಗ ಉಣ್ತಾಳೋ? ಆಕಿ ಪಾಡಿಗೆ ಆಕಿನ್ನ ಬಿಡು."

ಹೆದರಿದ ನಾಯಿಯ ಬಗ್ಗೆ ಇದಕ್ಕಿಂತ ಒಳ್ಳೆಯ ಮಾತನ್ನು ನಾನು ಯಾವ ಪುಸ್ತಕದಲ್ಲೂ ಓದಲಿಲ್ಲ. ಆಮೇಲೆ ಸುಮಾರು ಓದಿದೆ ಬಿಡಿ, ನಾಚಿಕೆಗೆ.

ಪುಸ್ತಕ ಹೇಳುವುದು ಇಷ್ಟು. ಹೆದರಿದಾಗ ಮೈಯಲ್ಲಿ ಅಡ್ರಿನಲಿನ್, ಕಾರ್ಟಿಸೋಲ್ ಏರುತ್ತವೆ. ನಮಗೂ ಅಷ್ಟೇ, ನಾಯಿಗೂ ಅಷ್ಟೇ. ಒಂದು ಹೆದರಿಕೆ ಬಂದು ಹೋದರೆ ಮೈ ತಾನೇ ಸರಿಹೋಗುತ್ತದೆ. ಆದರೆ ಒಂದರ ಮೇಲೊಂದು ಬೀಳುತ್ತಲೇ ಇದ್ದರೆ ಇಳಿಯಲು ಪುರುಸೊತ್ತೇ ಸಿಗುವುದಿಲ್ಲ. ಜೀಪು, ಪೈಪು, ಜನ, ಟೈಲ್ಸ್, ನನ್ನ ಕೈ. ಒಂದೊಂದೂ ಸಣ್ಣದೇ. ಕೂಡಿದರೆ ಬೆಟ್ಟ. ಅಂಥ ಸ್ಥಿತಿಯಲ್ಲಿ ನಾಯಿ ಏನೂ ಕಲಿಯುವುದಿಲ್ಲ, ಹೊಟ್ಟೆ ಹಸಿದರೂ ತಿನ್ನುವುದಿಲ್ಲ. ಎಷ್ಟೋ ಮನೆಯಲ್ಲಿ ಮೊದಲ ವಾರ ನಾಯಿ ಒಂದು ಮೂಲೆಯಲ್ಲಿ ಮಿಸುಕದೆ ಬಿದ್ದಿರುತ್ತದೆ. "ಎಷ್ಟು ಸಾಧು ರೀ, ಬೊಗಳುವುದೂ ಇಲ್ಲ" ಅನ್ನುತ್ತಾರೆ. ಅದು ಸಾಧು ಅಲ್ಲ, ಕಲ್ಲಾಗಿದೆ. ಮೂರನೇ ವಾರಕ್ಕೆ ಅದು ಬೊಗಳಲು ಶುರು ಮಾಡಿದಾಗ "ನಾಯಿ ಕೆಟ್ಟುಹೋಯಿತು" ಅನ್ನುತ್ತಾರೆ. ಕೆಟ್ಟಿಲ್ಲ. ಈಗ ಉಸಿರಾಡುತ್ತಿದೆ.

ನಾಯಿ ಆಶ್ರಯಧಾಮಗಳವರು ಒಂದು ಲೆಕ್ಕ ಹೇಳುತ್ತಾರೆ: ಮೂರು ದಿನ, ಮೂರು ವಾರ, ಮೂರು ತಿಂಗಳು. ಮೂರು ದಿನಕ್ಕೆ ಗಾಬರಿ ಸ್ವಲ್ಪ ಇಳಿಯುತ್ತದೆ, ಮೂರು ವಾರಕ್ಕೆ ಮನೆಯ ದಿನಚರಿ ತಿಳಿಯುತ್ತದೆ, ಮೂರು ತಿಂಗಳಿಗೆ ಇದು ನನ್ನ ಮನೆ ಅನ್ನಿಸುತ್ತದೆ. ಇದು ಅಳತೆ ಮಾಡಿದ ವಿಜ್ಞಾನ ಅಲ್ಲ, ಅನುಭವದ ಅಂದಾಜು. ಭೀಮಿಗೆ ಏಳು ತಿಂಗಳು ಹಿಡಿಯಿತು.

ಅವ್ವ ಏನು ಮಾಡಿದಳು ಅಂತ ಹೇಳುತ್ತೇನೆ, ಯಾಕಂದರೆ ಇಡೀ ವಿದ್ಯೆ ಅದರಲ್ಲೇ ಇದೆ.

ಮಧ್ಯಾಹ್ನ ಊಟ ಆದ ಮೇಲೆ ಅವ್ವ ಮೊರ ತೆಗೆದುಕೊಂಡು ತೊಗರಿ ಹಸನು ಮಾಡಲು ಆ ಹಿಂದಿನ ಕೋಣೆಯಲ್ಲೇ ಕೂರುತ್ತಿದ್ದಳು. ಜೋಳದ ಚೀಲಕ್ಕೆ ಬೆನ್ನು ಹಾಕಿ. ಭೀಮಿ ಕಡೆ ತಿರುಗುತ್ತಿರಲಿಲ್ಲ, ಮಾತಾಡಿಸುತ್ತಿರಲಿಲ್ಲ. ಕಲ್ಲು ಆರಿಸುವುದು, ಮೊರ ಕೇರುವುದು, ಮಧ್ಯೆ ಒಮ್ಮೆ ಸೊಂಟದ ಹತ್ತಿರ ಇಟ್ಟುಕೊಂಡಿದ್ದ ರೊಟ್ಟಿ ಚೂರನ್ನು ನೋಡದೆಯೇ ಹಿಂದಕ್ಕೆ ಎಸೆಯುವುದು. ಅರ್ಧ ಗಂಟೆ ಆದಮೇಲೆ ಎದ್ದು ಹೋಗುವುದು. ಅಷ್ಟೇ. ಮೊದಲ ಎರಡು ದಿನ ಚೂರುಗಳು ಬಿದ್ದಲ್ಲೇ ಇದ್ದವು. ಅವ್ವ ಹೋದ ಮೇಲೆ, ರಾತ್ರಿ, ಮಾಯವಾಗುತ್ತಿದ್ದವು. ನಾಲ್ಕನೇ ದಿನ ಅವ್ವ ಇರುವಾಗಲೇ ಒಂದು ಚೂರು ಹೋಯಿತು. ಅವ್ವ ತಿರುಗಿ ನೋಡಲಿಲ್ಲ. ನಾನು ಬಾಗಿಲ ಸಂದಿಯಿಂದ ನೋಡುತ್ತಿದ್ದೆ, "ಒಳ್ಳೆ ಕಳ್ಳನ್ಹಂಗ ನಿಂತೀಯಲ್ಲೋ" ಅಂತ ಬೈಸಿಕೊಂಡೆ. ಒಂಬತ್ತನೇ ದಿನ ಭೀಮಿ ಚೀಲದ ಹಿಂದಿನಿಂದ ಬಂದಳು. ಮುಂದಿನ ಕಾಲು ಮುಂದೆ, ಹಿಂದಿನ ಕಾಲು ಹಿಂದೆಯೇ. ಅಂದರೆ ಬಂದೂ ಬರದ ಹಾಗೆ, ಓಡಲು ತಯಾರಾಗಿ ಕುತ್ತಿಗೆ ಉದ್ದ ಮಾಡಿ ಅವ್ವನ ಸೀರೆಯ ಸೆರಗು ಮೂಸಿದಳು. ಅವ್ವ ಒಂದು ಕಲ್ಲು ಆರಿಸಿ ಎಸೆದಳು, ಅಷ್ಟೇ ಕೆಲಸ. ಕೈ ಚಾಚಲಿಲ್ಲ.

ಆ ಕೈ ಚಾಚದೆ ಇರುವುದು ಇದೆಯಲ್ಲ, ಅದೇ ಕಷ್ಟ. ನಾನಾಗಿದ್ದರೆ ಖಂಡಿತ ತಲೆ ಸವರುತ್ತಿದ್ದೆ, ಮತ್ತೆ ಒಂಬತ್ತು ದಿನ ಹಿಂದಕ್ಕೆ ಹೋಗುತ್ತಿತ್ತು. ಹತ್ತಿರ ಬರುವುದು, ದೂರ ಹೋಗುವುದು ಎರಡೂ ನಾಯಿಯ ಕೈಯಲ್ಲಿರಬೇಕು. ನಾವು ಕೊಡಬಹುದಾದದ್ದು ಮೂರೋ ನಾಲ್ಕೋ: ತಪ್ಪಿಸಿಕೊಳ್ಳಲು ಒಂದು ಮೂಲೆ, ದಿನಾ ಅದೇ ಹೊತ್ತಿಗೆ ಊಟ, ಅದೇ ಹೊತ್ತಿಗೆ ಹೊರಗೆ, ಮತ್ತೆ ನಮ್ಮ ಕಣ್ಣಿನಿಂದ ಬಿಡುಗಡೆ. ಕಣ್ಣಲ್ಲಿ ಕಣ್ಣಿಟ್ಟು ನೋಡುವುದು ಪರಿಚಯ ಇಲ್ಲದ ನಾಯಿಗೆ ಬೆದರಿಕೆ. ಮೇಲಿನಿಂದ ಬಾಗುವುದೂ ಹಾಗೇ. ಪಕ್ಕಕ್ಕೆ ತಿರುಗಿ ನೆಲದ ಮೇಲೆ ಕೂತರೆ ನಾವು ಸಣ್ಣವರಾಗುತ್ತೇವೆ.

ಇನ್ನು ರೊಟ್ಟಿಯ ಕಥೆ. ನಮ್ಮಲ್ಲಿ ಜೋಳದ ರೊಟ್ಟಿ ಬಡಿಯುವ ಸದ್ದು ಗೊತ್ತಲ್ಲ, ಪಟ ಪಟ ಪಟ. ಮೊದಲು ಆ ಸದ್ದು ಬಂದರೆ ಸಾಕು ಭೀಮಿ ನಡುಗುತ್ತಿದ್ದಳು. ನನ್ನ ಹೆಂಡತಿ ಒಂದು ಉಪಾಯ ಮಾಡಿದಳು. ಒಂದು ರೊಟ್ಟಿ ಬಡಿದು ಮುಗಿದ ಕೂಡಲೇ, ಹಿಂದಿನ ಕೋಣೆಯ ಬಾಗಿಲಿಗೆ ಒಂದು ತುಣುಕು. ಮತ್ತೆ ಬಡಿಯುವುದು, ಮತ್ತೆ ತುಣುಕು. ದಿನಾ ಬೆಳಿಗ್ಗೆ ಸಂಜೆ. ಮೂರು ವಾರಕ್ಕೆ ಪಟ ಪಟ ಶುರುವಾದರೆ ಭೀಮಿಯ ಕಿವಿ ನೆಟ್ಟಗಾಗುತ್ತಿದ್ದವು. ತಿಂಗಳಿಗೆ ಒಲೆಯ ಹತ್ತಿರವೇ ಹಾಜರ್.

ಇದು ರಷ್ಯಾದ ಇವಾನ್ ಪಾವ್ಲೊವ್ ತೋರಿಸಿಕೊಟ್ಟ ವಿಷಯ. ಜೀರ್ಣಕ್ರಿಯೆಯ ಮೇಲಿನ ಕೆಲಸಕ್ಕೆ 1904ರಲ್ಲಿ ನೊಬೆಲ್ ಪಡೆದ ಪಾವ್ಲೊವ್. ಶಾಲೆಯಲ್ಲಿ ಗಂಟೆ ಮತ್ತು ಜೊಲ್ಲು ಅಂತ ಓದಿರುತ್ತೀರಿ. ಸದ್ದು ಮೊದಲು, ಊಟ ಆಮೇಲೆ. ಹೀಗೆ ಜೋಡಿ ಮಾಡುತ್ತಾ ಹೋದರೆ ಸದ್ದೇ ಊಟದ ಸುದ್ದಿ ಆಗುತ್ತದೆ. ಈ ಕ್ರಮ ಉಲ್ಟಾ ಆಗಬಾರದು. ಊಟ ತೋರಿಸಿ, ನಾಯಿ ಬಂದ ಮೇಲೆ ಹೆದರಿಸುವ ಸದ್ದು ಮಾಡಿದಿರೋ, ಊಟಕ್ಕೇ ಹೆದರಲು ಕಲಿಯುತ್ತದೆ. ನನ್ನ ಸ್ನೇಹಿತರೊಬ್ಬರು ಬಿಸ್ಕತ್ತು ತೋರಿಸಿ ನಾಯಿಯನ್ನು ಕರೆದು, ಬಂದ ಕೂಡಲೇ ಹಿಡಿದು ಉಗುರು ಕತ್ತರಿಸುತ್ತಿದ್ದರು. ಈಗ ಬಿಸ್ಕತ್ತಿನ ಪ್ಯಾಕೆಟ್ ಸದ್ದಿಗೇ ನಾಯಿ ಮಾಳಿಗೆಗೆ ಓಡುತ್ತದೆ.

ಪಾವ್ಲೊವ್ ಬಗ್ಗೆ ಶಾಲೆಯಲ್ಲಿ ಹೇಳದ ಇನ್ನೊಂದು ಸಂಗತಿ ಇದೆ. ಅದನ್ನು ಓದಿದ ದಿನ ನನಗೆ ನಿದ್ದೆ ಬರಲಿಲ್ಲ. 1924ರ ಸೆಪ್ಟೆಂಬರ್‌ನಲ್ಲಿ ಲೆನಿನ್‌ಗ್ರಾಡ್‌ಗೆ ನೆವಾ ನದಿಯ ಮಹಾಪೂರ ಬಂತು. ಪಾವ್ಲೊವ್ ಅವರ ನಾಯಿಗಳಿದ್ದ ಗೂಡುಗಳಿಗೆ ನೀರು ತುಂಬಿತು. ನಾಯಿಗಳು ಮೂಗು ಮೇಲೆ ಮಾಡಿ ಈಜುತ್ತಿದ್ದಾಗ ಕೊನೆ ಗಳಿಗೆಯಲ್ಲಿ ಅವುಗಳನ್ನು ಹೊರತೆಗೆದರು. ಜೀವ ಉಳಿಯಿತು. ಆದರೆ ಆಮೇಲೆ ಕೆಲವು ನಾಯಿಗಳು ಕಲಿತದ್ದನ್ನೆಲ್ಲ ಮರೆತ ಹಾಗೆ ಆಡತೊಡಗಿದವು. ಒಂದು ನಾಯಿಯನ್ನು ಮತ್ತೆ ನಿಧಾನವಾಗಿ ಸರಿ ಮಾಡಿದ ಮೇಲೆ, ಪ್ರಯೋಗದ ಕೋಣೆಯ ಬಾಗಿಲ ಕೆಳಗಿನಿಂದ ಒಂದಿಷ್ಟು ನೀರು ಹರಿಸಿ ನೋಡಿದರು. ಬರೀ ಒಂದಿಷ್ಟು ನೀರು. ನಾಯಿ ಗಾಬರಿಯಿಂದ ಒದ್ದಾಡಿತು.

ಅದನ್ನು ಓದಿದಾಗ ನನಗೆ ನಮ್ಮ ಮನೆಯ ನಳ ನೆನಪಾಯಿತು. ನಮ್ಮಲ್ಲಿ ನಳದ ನೀರು ದಿನಾ ಬರುವುದಿಲ್ಲ, ನಿಮಗೇ ಗೊತ್ತು. ಬಂದ ದಿನ ಎಲ್ಲರೂ ಎದ್ದು ಬಿದ್ದು ಕೊಡ, ಬಕೆಟ್, ಟಾಕಿ ತುಂಬಿಸುತ್ತೇವೆ. ಮೋಟರ್ ಹಾಕುತ್ತೇವೆ. ಟಾಕಿ ತುಂಬಿ ಮಾಳಿಗೆಯಿಂದ ಧೋ ಅಂತ ನೀರು ಸುರಿದು, ಅಂಗಳ ದಾಟಿ ಹಿತ್ತಿಲ ಬಾಗಿಲಿನ ಕೆಳಗೆ ನುಸುಳುತ್ತದೆ. ಮೊದಲ ಎರಡು ತಿಂಗಳು ಭೀಮಿ ಕೆಲವು ದಿನ ಚೆನ್ನಾಗಿರುತ್ತಿದ್ದಳು, ಕೆಲವು ದಿನ ಏನೂ ಕಾರಣವಿಲ್ಲದೆ ಚೀಲದ ಹಿಂದೆ ಸೇರಿಬಿಡುತ್ತಿದ್ದಳು. ಹುಚ್ಚು ಅಂದುಕೊಂಡಿದ್ದೆ. ಕ್ಯಾಲೆಂಡರ್ ಮೇಲೆ ಗುರುತು ಹಾಕಿ ನೋಡಿದರೆ ಅವೆಲ್ಲ ನಳ ಬಂದ ದಿನಗಳು.

ಹಾಗಾಗಿ ಮೊದಲ ಕೆಲಸ ಬೀಗ, ಬೆಲ್ಟ್ ಅಲ್ಲ. ಒಂದು ಕ್ಯಾಲೆಂಡರ್, ಒಂದು ಪೆನ್ಸಿಲ್. ನಾಯಿ ಯಾವಾಗ ಹೆದರಿತು, ಅದಕ್ಕೆ ಮುಂಚೆ ಏನಾಯಿತು, ಬರೆದಿಡಿ. ನಾಯಿಗೆ ನಮಗಿಂತ ಎರಡು ಪಟ್ಟು ಎತ್ತರದ ಸ್ವರ ಕೇಳಿಸುತ್ತದೆ. ನಮ್ಮ ಕಿವಿ 20,000 ಹರ್ಟ್ಸ್‌ಗೆ ನಿಂತರೆ ಅದರದ್ದು 40,000 ದಾಟುತ್ತದೆ. ನಮಗೆ ಏನೂ ಇಲ್ಲ ಅನ್ನಿಸಿದ ಕಡೆ ಅದಕ್ಕೆ ಏನೋ ಇರಬಹುದು.

ಕಾರಣ ಗೊತ್ತಾದ ಮೇಲೆ ದಾರಿ ಸುಲಭ, ಆದರೆ ಉದ್ದ. ಟಾಕಿ ತುಂಬುವ ಸದ್ದನ್ನು ಮೊಬೈಲ್‌ನಲ್ಲಿ ರೆಕಾರ್ಡ್ ಮಾಡಿಕೊಂಡೆ. ಕೇಳಿಸಿತೋ ಇಲ್ಲವೋ ಅನ್ನುವಷ್ಟು ಸಣ್ಣ ಸದ್ದಿನಲ್ಲಿ ಹಾಕುವುದು, ಭೀಮಿಯ ಕಿವಿ ಅಲ್ಲಾಡಿದ ಕೂಡಲೇ ಬೇಯಿಸಿದ ಕೋಳಿಯ ಒಂದು ಎಳೆ. ಮೂಳೆ ಅಲ್ಲ, ಬೇಯಿಸಿದ ಮೂಳೆ ಯಾವ ನಾಯಿಗೂ ಕೊಡಬೇಡಿ, ಚೂಪಾಗಿ ಸೀಳುತ್ತದೆ. ದಿನಕ್ಕೆ ಐದು ನಿಮಿಷ. ಅವಳು ತಿನ್ನುತ್ತಿದ್ದರೆ ನಾಳೆ ಒಂದು ಗೆರೆ ಜಾಸ್ತಿ. ತಿನ್ನುವುದು ಬಿಟ್ಟರೆ ಎರಡು ಗೆರೆ ಹಿಂದಕ್ಕೆ. ಒಂದು ದಿನ ಮೊಮ್ಮಗ ಬೆರಳು ತಪ್ಪಿ ವಾಲ್ಯೂಮ್ ಪೂರ್ತಿ ಏರಿಸಿಬಿಟ್ಟ. ಎರಡು ವಾರದ ಕೆಲಸ ಒಂದು ಕ್ಷಣಕ್ಕೆ ನೀರುಪಾಲು. ಮತ್ತೆ ಮೊದಲಿಂದ. ಜೊತೆಗೆ ಟಾಕಿಗೆ ಒಂದು ಫ್ಲೋಟ್ ವಾಲ್ವ್ ಹಾಕಿಸಿದೆ, ಉಕ್ಕುವುದು ನಿಂತಿತು. ಅದನ್ನು ಮೊದಲೇ ಮಾಡಬಹುದಿತ್ತು. ನಾಯಿಯನ್ನು ತಿದ್ದುವ ಮೊದಲು ಮನೆಯನ್ನು ತಿದ್ದಲು ಸಾಧ್ಯವಾ ಅಂತ ನೋಡಿ, ಎಷ್ಟೋ ಸಲ ಅದೇ ಅಗ್ಗ.

ಟೈಲ್ಸ್ ವಿಷಯವೂ ಹಾಗೇ. ಶಹಾಬಾದ್ ಫರಸಿ ಹಾಸಿದ ಹಳೆಯ ಮನೆಯಲ್ಲಿ ನಾಯಿಯ ಕಾಲು ನಿಲ್ಲುತ್ತದೆ, ಬೇಸಿಗೆಯಲ್ಲಿ ಹೊಟ್ಟೆಗೂ ತಂಪು. ಈಗಿನ ಕನ್ನಡಿಯಂಥ ಟೈಲ್ಸ್ ಮೇಲೆ ಮಣ್ಣು ನೆಲದ ನಾಯಿ ಮಂಜುಗಡ್ಡೆ ಮೇಲೆ ಬಿಟ್ಟ ಹಾಗೆ. ಅದು ಮೂಲೆ ಬಿಟ್ಟು ಬರದೆ ಇದ್ದರೆ ನಿಮ್ಮ ಮೇಲಿನ ಹೆದರಿಕೆಯಿಂದ ಮಾತ್ರ ಅಲ್ಲ, ನೆಲದ ಮೇಲಿನ ಹೆದರಿಕೆಯಿಂದಲೂ ಇರಬಹುದು. ನಾವು ಮೂಲೆಯಿಂದ ಹಿತ್ತಿಲ ಬಾಗಿಲವರೆಗೆ ಹಳೆಯ ಗೋಣಿ ತಾಟು ಹಾಸಿ ಒಂದು ದಾರಿ ಮಾಡಿದೆವು. ಮನೆ ನೋಡಲು ಬಂದ ಬೀಗರು ಏನಂದುಕೊಂಡರೋ.

ಕಲಬುರಗಿಯ ಬೇಸಿಗೆ ಇನ್ನೊಂದು ಗೊಂದಲ ತರುತ್ತದೆ. ನಾಯಿ ಮೈ ತಂಪು ಮಾಡಿಕೊಳ್ಳುವುದು ಮುಖ್ಯವಾಗಿ ಏದುಸಿರಿನಿಂದ. ಮೇ ತಿಂಗಳಲ್ಲಿ 42, 43 ಡಿಗ್ರಿ ಇರುವಾಗ ಎಲ್ಲ ನಾಯಿಯೂ ನಾಲಿಗೆ ಹೊರಗೆ ಹಾಕುತ್ತದೆ. ಆದರೆ ಡಿಸೆಂಬರ್ ಬೆಳಿಗ್ಗೆ, ಓಡಿಲ್ಲ ಆಡಿಲ್ಲ, ಸುಮ್ನೆ ಕೂತು ಏದುಸಿರು ಬಿಡುತ್ತಿದ್ದರೆ ಅದು ಹೆದರಿಕೆ ಅಥವಾ ನೋವು. ಇನ್ನೂ ಕೆಲವು ಗುರುತುಗಳಿವೆ. ನಿದ್ದೆ ಬಾರದೆಯೂ ಆಕಳಿಸುವುದು, ಊಟ ಇಲ್ಲದೆಯೂ ತುಟಿ ನೆಕ್ಕುವುದು, ತಲೆ ತಿರುಗಿಸಿ ಕಣ್ಣಿನ ಬಿಳಿ ಮಾತ್ರ ಕಾಣುವ ಹಾಗೆ ಓರೆಯಾಗಿ ನೋಡುವುದು, ಬಾಲ ಹೊಟ್ಟೆಯ ಕೆಳಗೆ. ಬಾಲ ಅಲ್ಲಾಡಿಸಿದರೆ ಖುಷಿ ಅಂತಲೂ ಅಲ್ಲ. ಮೈ ಬಿಗಿಯಾಗಿ, ಬಾಲದ ತುದಿ ಮಾತ್ರ ಅಲ್ಲಾಡುತ್ತಿದ್ದರೆ ದೂರ ನಿಲ್ಲಿ.

ಎರಡು ದಿನ ಆದರೂ ಏನೂ ತಿನ್ನದಿದ್ದರೆ ಹೆದರಿಕೆ ಅಂತ ಸುಮ್ಮನಿರಬೇಡಿ, ಡಾಕ್ಟರ್‌ಗೆ ತೋರಿಸಿ. ನಮ್ಮ ಕಡೆ ಉಣ್ಣೆ ಹುಳದ ಕಾಟ ಬಹಳ, ಅದರಿಂದ ಬರುವ ಜ್ವರದಲ್ಲಿ ನಾಯಿ ಮಂಕಾಗಿ ಮೂಲೆ ಸೇರುತ್ತದೆ. ನೋಡುವವರಿಗೆ ಎರಡೂ ಒಂದೇ ಥರ ಕಾಣುತ್ತವೆ.

ಇಷ್ಟು ಹೇಳಿ ನಿಲ್ಲಿಸೋಣ ಅಂದುಕೊಂಡೆ, ಪ್ರಶ್ನೆಗಳು ಬಂದವು. ಕೆಲವನ್ನು ಬರೆಯುತ್ತೇನೆ.

ಮುಂದಿನ ಸಾಲಿನ ಹಿರಿಯರೊಬ್ಬರು ಕೇಳಿದರು: "ಬೊಗಳೋ ನಾಯಿ ಕಚ್ಚೋದಿಲ್ಲ ಅಂತಾರಲ್ರೀ?" ಈ ಗಾದೆ ಕಟ್ಟಿದವನು ಕಚ್ಚಿಸಿಕೊಂಡಿರಲಿಲ್ಲ ಅಂತ ಕಾಣುತ್ತದೆ. ಬೊಗಳುವುದು, ಗುರುಗುಟ್ಟುವುದು ಎಚ್ಚರಿಕೆ. "ದಯವಿಟ್ಟು ದೂರ ಹೋಗು" ಅಂತ ನಾಯಿ ಹೇಳುವ ಸಭ್ಯ ಮಾತು. ಅದಕ್ಕೆ ಹೊಡೆದರೆ ನಾಯಿ ಎಚ್ಚರಿಕೆ ಕೊಡುವುದನ್ನು ಬಿಡುತ್ತದೆ, ಹೆದರಿಕೆಯನ್ನಲ್ಲ. ಆಮೇಲೆ ಅದು ಹೇಳದೆ ಕೇಳದೆ ಕಚ್ಚುತ್ತದೆ.

ಒಬ್ಬ ತಾಯಿ: "ನಾವು ಹೊರಗೆ ಹೋದರೆ ಬಾಗಿಲು ಕೆರೆದು ಹಾಕುತ್ತದೆ. ಬಂದ ಕೂಡಲೇ ತಪ್ಪು ಮಾಡಿದ ಮುಖ ಮಾಡುತ್ತದೆ. ಅಂದರೆ ಅದಕ್ಕೆ ಗೊತ್ತು, ಅಲ್ವಾ?" ಗೊತ್ತಿಲ್ಲ. ಅಮೆರಿಕದ ಸಂಶೋಧಕಿ ಅಲೆಕ್ಸಾಂಡ್ರಾ ಹೊರೊವಿಟ್ಜ್ 2009ರಲ್ಲಿ ಇದನ್ನೇ ಪರೀಕ್ಷೆ ಮಾಡಿದರು. ತಿನ್ನಬೇಡ ಅಂದದ್ದನ್ನು ತಿಂದ ನಾಯಿ, ತಿನ್ನದ ನಾಯಿ, ಎರಡೂ ಒಡೆಯ ಬೈದಾಗ ಆ ಮುಖ ಮಾಡಿದವು. ಆ ಮುಖ ಬರುವುದು ತಪ್ಪಿನಿಂದಲ್ಲ, ನಮ್ಮ ಸಿಟ್ಟಿನಿಂದ. ನಿಮ್ಮ ನಾಯಿ ಬಾಗಿಲು ಕೆರೆಯುವುದು ನಿಮ್ಮ ಮೇಲಿನ ಸೇಡಿಗಲ್ಲ. ಒಮ್ಮೆ ಬಿಟ್ಟುಹೋದವರು ಮತ್ತೆ ಬರಲಿಲ್ಲ, ಅದಕ್ಕೆ ಗೊತ್ತಿರುವುದು ಅಷ್ಟೇ. ಚಪ್ಪಲಿ ಹಾಕಿ, ಬೀಗದ ಕೈ ತೆಗೆದುಕೊಂಡು, ಎಲ್ಲಿಗೂ ಹೋಗದೆ ಮತ್ತೆ ಕೂತುಬಿಡಿ. ದಿನಕ್ಕೆ ನಾಲ್ಕೈದು ಸಲ. ಚಪ್ಪಲಿಗೆ ಅರ್ಥ ಕಳೆದುಹೋಗಲಿ. ಆಮೇಲೆ ಬಾಗಿಲ ಹೊರಗೆ ಹತ್ತು ಸೆಕೆಂಡ್. ನಾಯಿ ಗಾಬರಿ ಆಗುವ ಮುಂಚೆಯೇ ಒಳಗೆ ಬನ್ನಿ. ನಿಮಿಷ, ಎರಡು ನಿಮಿಷ, ಐದು. ನಾವು ಭೀಮಿಗೆ ಅರ್ಧ ಗಂಟೆ ತಲುಪಲು ಎರಡೂವರೆ ತಿಂಗಳು ತೆಗೆದುಕೊಂಡೆವು. ಅಷ್ಟು ದಿನ ಒಂದು ಮದುವೆಗೂ ಜೋಡಿಯಾಗಿ ಹೋಗಲಿಲ್ಲ. ಸಂಬಂಧಿಕರು ಸಿಟ್ಟಾದರು, ಇರಲಿ.

"ಕಟ್ಟಿ ಹಾಕಿದರೆ ರೂಢಿ ಆಗುವುದಿಲ್ಲವಾ?" ಓಡಲು ಆಗದ ನಾಯಿಗೆ ಉಳಿಯುವ ದಾರಿ ಕಚ್ಚುವುದು ಒಂದೇ. ಮನೆಯೊಳಗೆ ಕಟ್ಟಬೇಡಿ. ಹೊರಗೆ ಮಾತ್ರ ಬಹಳ ಎಚ್ಚರ. ಮೊದಲ ವಾರಗಳಲ್ಲಿ ಗೇಟ್ ತೆರೆದರೆ ಸಾಕು ನಾಯಿ ಪರಾರಿ, ಹಿಂದಕ್ಕೆ ಬರಲು ಅದಕ್ಕೆ ಮನೆಯೇ ಗೊತ್ತಿರುವುದಿಲ್ಲ. ಕೊರಳಿಗೆ ಪಟ್ಟಿ, ಎದೆಗೆ ಹಾರ್ನೆಸ್, ಎರಡಕ್ಕೂ ಬೇರೆ ಬೇರೆ ಹಗ್ಗ. ಪಟ್ಟಿಯ ಮೇಲೆ ನಿಮ್ಮ ಫೋನ್ ನಂಬರ್. ದೀಪಾವಳಿಗೆ ಹದಿನೈದು ದಿನ ಇರುವಾಗ ಹೊಸ ನಾಯಿ ತರಲೇಬೇಡಿ, ಹಬ್ಬ ಮುಗಿಯಲಿ. ಶರಣಬಸವೇಶ್ವರ ಜಾತ್ರೆಯ ಹೊತ್ತಿಗೆ ಗುಡಿಯ ಅಕ್ಕಪಕ್ಕದ ಓಣಿಯವರಿಗೂ ಇದೇ ಮಾತು.

ಮಾತ್ರೆ ಇದೆಯಾ ಅಂತ ಒಬ್ಬ ಹುಡುಗ ಕೇಳಿದ. ಇದೆ. ನಾಯಿಗೆ ಆತಂಕ ಬಹಳವಿದ್ದರೆ ಫ್ಲೂಆಕ್ಸೆಟಿನ್‌ನಂಥ ಔಷಧವನ್ನು ಪಶುವೈದ್ಯರು ಕೊಡುತ್ತಾರೆ. ಅದು ಕೆಲಸ ಶುರು ಮಾಡಲು ಕೆಲವು ವಾರ ಬೇಕು, ಜೊತೆಗೆ ತರಬೇತಿಯೂ ಬೇಕು. ಮನೆಯಲ್ಲಿ ಅಜ್ಜನಿಗೆ ಬರೆದುಕೊಟ್ಟ ನಿದ್ದೆ ಮಾತ್ರೆ ಅರ್ಧ ಮುರಿದು ಹಾಕುವುದು ಬೇಡ. ಪಟಾಕಿಯ ದಿನ ಕೆಲವರು ಅಸೆಪ್ರೊಮಜೀನ್ ಒಂದನ್ನೇ ಕೊಟ್ಟು ಮಲಗಿಸುತ್ತಾರೆ. ಅದು ಮೈಯನ್ನು ಮಲಗಿಸುತ್ತದೆ, ಹೆದರಿಕೆಯನ್ನಲ್ಲ. ಓಡಲೂ ಆಗದೆ ಎಲ್ಲವನ್ನೂ ಕೇಳಿಸಿಕೊಳ್ಳುತ್ತಾ ಬಿದ್ದಿರುವುದು ಹೇಗಿರುತ್ತದೆ ಯೋಚಿಸಿ. ಕೇಸು ಕಷ್ಟದ್ದು ಅನ್ನಿಸಿದರೆ ಬೀದರ್‌ನ ಪಶುವೈದ್ಯಕೀಯ ಕಾಲೇಜಿನ ಆಸ್ಪತ್ರೆ ನಮಗೆ ದೂರವೇನಲ್ಲ.

ಕೊನೆಗೆ ಒಬ್ಬಳು ಹುಡುಗಿ, ಏಳನೇ ಕ್ಲಾಸ್ ಇರಬೇಕು, ಎದ್ದು ನಿಂತು ಕೇಳಿದಳು: "ಭೀಮಿ ಈಗ ಪೂರ್ತಿ ಆರಾಮ ಆಗ್ಯಾಳೇನ್ರಿ?"

ಇಲ್ಲ. ಮೂತಿ ಬೆಳ್ಳಗಾಗಿದೆ. ನಳ ಬಂದ ದಿನ ಈಗ ಬಕೆಟ್ ಪಕ್ಕದಲ್ಲೇ ಮಲಗುತ್ತಾಳೆ, ಒಂದು ಕಿವಿ ಮಾತ್ರ ಮೋಟರ್ ಕಡೆ. ಹನ್ನೆರಡು ಜನ ಬಂದರೆ ಈಗಲೂ ಎದ್ದು ಒಳಗೆ ಹೋಗುತ್ತಾಳೆ, ನಾವು ಕರೆಯುವುದಿಲ್ಲ. ಜೋರು ಮಳೆ ಮಾತ್ರ ಅವಳಿಂದ ಆಗುವುದಿಲ್ಲ. ಮೊದಲ ಗುಡುಗಿಗೇ ಹಿಂದಿನ ಕೋಣೆ ಸೇರುತ್ತಾಳೆ. ಜೋಳದ ಚೀಲಗಳ ಹಿಂದೆ ಅವಳ ಗೋಣಿ ತಾಟು ಇನ್ನೂ ಹಾಸಿಯೇ ಇದೆ. ಅವ್ವ ಮೊರ ಎತ್ತಿಕೊಂಡು ಹೋಗಿ, ಚೀಲಕ್ಕೆ ಬೆನ್ನು ಹಾಕಿ ಕೂರುತ್ತಾಳೆ. ಮೊರದಲ್ಲಿ ಎಷ್ಟೋ ಸಲ ತೊಗರಿಯೇ ಇರುವುದಿಲ್ಲ.